ನದಿಯ ಮೇಲ್ಭಾಗದಲ್ಲಿ ಕ್ಯಾನೂ, ಗಾಳ, ಮೂರು ದಿನ: ಈ ಯೋಜನೆ ನಡೆಯುತ್ತದೆಯೇ?

ನಡುನೀರು:
ನಾಲ್ಕು ಜನ, ಎರಡು ಕ್ಯಾನೂ. ಎರಡೂ 16 ಅಡಿಯ ಪಾಲಿಥೀನ್ ದೋಣಿಗಳು, ಒಂದೊಂದೂ 36 ಕಿಲೊ. ಮೂರು ಹಗಲು, ಎರಡು ರಾತ್ರಿ, ದಡದಲ್ಲಿ ಟೆಂಟ್. ನೀರಿಗೆ ಇಳಿಯುವ ಜಾಗ ಸಮುದ್ರಮಟ್ಟದಿಂದ 420 ಮೀಟರ್, ಕೊನೆಗೆ ದಡ ಹತ್ತುವ ಜಾಗ 290 ಮೀಟರ್. ನೀರಿನ ದಾರಿ 48 ಕಿ.ಮೀ., ತಿರುವುಗಳನ್ನೂ ಸೇರಿಸಿ ಅಳೆದದ್ದು. ಇಳಿಜಾರು ಸರಾಸರಿ ಕಿ.ಮೀ.ಗೆ 2.7 ಮೀಟರ್, ದಿನಕ್ಕೆ 16 ಕಿ.ಮೀ. ಎಂದು ಲೆಕ್ಕ ಹಾಕಿದ್ದೇವೆ.

ನಾಲ್ವರಿಗೂ ನಿಂತ ನೀರಿನಲ್ಲಿ ಹುಟ್ಟು ಹಾಕಿ ರೂಢಿಯಿದೆ. ಹರಿವಿನ ಕಷ್ಟಕ್ಕೆ ತಕ್ಕಂತೆ ಕೊಡುವ ದರ್ಜೆಗಳಲ್ಲಿ ಒಂದನೆಯದು, ಅಂದರೆ ಅತಿ ಸುಲಭದ್ದು, ಎಲ್ಲರಿಗೂ ಸಲೀಸು, ಎರಡನೇ ದರ್ಜೆ ಇಬ್ಬರಿಗೆ ಮಾತ್ರ ಗೊತ್ತು. ಬೆಳಿಗ್ಗೆ, ಸಂಜೆ ಗಾಳ, ನಡುವೆ ಪಯಣ.

ಪ್ರಶ್ನೆಗಳು: ದೂರ ಸರಿಯಿದೆಯೇ? ನೀರು ಎಷ್ಟಿದ್ದರೆ ಹೊರಡಬಹುದು? ಗಾಳ ಹಾಕುವಾಗ ಲಂಗರು ಬಿಡಬಹುದೇ? ಸಾಮಾನನ್ನು ದೋಣಿಗೆ ಕಟ್ಟಬೇಕೇ, ಸುಮ್ಮನೆ ಇಡಬೇಕೇ?

ಕಲ್ಲುಮಡು:
ಸರಾಸರಿ ಇಳಿಜಾರನ್ನು ನಂಬಿ ನದಿಗೆ ಇಳಿಯಬೇಡಿ. ನದಿ ಒಂದೇ ಸಮನೆ ಇಳಿಯುವುದಿಲ್ಲ, ಎರಡು ಕಿ.ಮೀ. ಮಲಗಿರುತ್ತದೆ, ಮುನ್ನೂರು ಮೀಟರಿನಲ್ಲಿ ಧುಮುಕುತ್ತದೆ. ಭೂಪಟದಲ್ಲಿ ಪ್ರತಿ ಕಾಂಟೂರ್ ಗೆರೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ನದಿಯನ್ನು ಎಲ್ಲಿ ದಾಟುತ್ತದೆ ಎಂದು ಗುರುತು ಹಾಕಿ, ಎರಡು ಗೆರೆಗಳ ನಡುವಿನ ನೀರಿನ ದಾರಿಯನ್ನು ಬೇರೆ ಬೇರೆಯಾಗಿ ಅಳೆಯಿರಿ. 20 ಮೀಟರ್ ಅಂತರದ ಗೆರೆಗಳಿದ್ದರೆ ಸಾಕು. ಆ ಪಟ್ಟಿ ಇಲ್ಲಿ ಹಾಕಿದರೆ ಮುಂದಿನ ಮಾತು.

ನಡುನೀರು:
ಅಳೆದೆ. ಮೊದಲ 9 ಕಿ.ಮೀ.ಯಲ್ಲೇ ಮೂರು ಗೆರೆಗಳು: 400, 380, 360. ಅದರಲ್ಲೂ 380ರಿಂದ 360ರವರೆಗೆ ಇರುವುದು ಬರೀ 1.2 ಕಿ.ಮೀ. ಉಳಿದ 39 ಕಿ.ಮೀ.ಯಲ್ಲಿ 70 ಮೀಟರ್ ಇಳಿಯುತ್ತದೆ, ಅದು ಹೆಚ್ಚುಕಡಿಮೆ ಸಮನಾಗಿದೆ.

ಕಲ್ಲುಮಡು:
ಈಗ ನದಿಯ ಮುಖ ಕಾಣಿಸಿತು. ಮೊದಲ 9 ಕಿ.ಮೀ. ಕಿ.ಮೀ.ಗೆ ಸುಮಾರು 6.7 ಮೀಟರ್. ಆ 1.2 ಕಿ.ಮೀ. ತುಂಡು ಕಿ.ಮೀ.ಗೆ ಸುಮಾರು 17 ಮೀಟರ್. ಉಳಿದದ್ದು 1.8. ಅಂದರೆ ಇವು ಒಂದೇ ಹೆಸರಿನ ಎರಡು ನದಿಗಳು.

ಸಾಮಾನು ತುಂಬಿದ ಕ್ಯಾನೂಗೆ ಕಿ.ಮೀ.ಗೆ 2 ಮೀಟರಿನೊಳಗೆ ಹಿತ. 3ರಿಂದ 5 ಆದರೆ ಕಲ್ಲು, ಸಣ್ಣ ಅಲೆ ಸಾಲುಸಾಲಾಗಿ ಬರುತ್ತವೆ, ಕೈ ಪಳಗಿರಬೇಕು. 8 ದಾಟಿದರೆ ಹಗ್ಗ ಹಿಡಿದು ದೋಣಿ ಇಳಿಸುವುದು, ಇಲ್ಲವೇ ಹೊತ್ತು ನಡೆಯುವುದು. ಇದು ಅಂದಾಜಿನ ಗೆರೆ, ನೀರಿನ ಪ್ರಮಾಣದೊಂದಿಗೆ ಹಿಂದುಮುಂದಾಗುತ್ತದೆ. 17 ಮೀಟರ್ ಇರುವ ಕಡೆ ಮಾತ್ರ ಯಾವ ಪ್ರಮಾಣದಲ್ಲೂ ನಿಮ್ಮ ತಂಡಕ್ಕೆ ಕೆಲಸವಿಲ್ಲ.

ಉಪಗ್ರಹ ಚಿತ್ರದಲ್ಲಿ ಅದೇ ಜಾಗ ನೋಡಿ. ಬಿಳಿ ಮಚ್ಚೆಗಳಿದ್ದರೆ ಅದು ನೊರೆ. ಚಿತ್ರ ತೆಗೆದ ತಿಂಗಳು ಯಾವುದು ಎಂಬುದನ್ನೂ ನೋಡಿ. ಬೇಸಿಗೆಯ ಚಿತ್ರದಲ್ಲಿ ಕಲ್ಲುಹಾಸು ಕಂಡ ಕಡೆ ನೀರು ತುಂಬಿದಾಗ ದೊಡ್ಡ ಅಲೆ ಏಳಬಹುದು. ಮರಗಳ ನೆರಳು ಬಿದ್ದ ಕಿರಿದಾದ ಪಾತ್ರದಲ್ಲಿ ಚಿತ್ರ ಏನನ್ನೂ ಹೇಳುವುದಿಲ್ಲ, ಕಾಲ್ನಡಿಗೆಯಲ್ಲೇ ನೋಡಿ ಬರಬೇಕು.

ಹುಟ್ಟುಕೋಲು:
ದೂರದ ಲೆಕ್ಕವೂ ಕೂಡಿಬರುವುದಿಲ್ಲ. ಕಿ.ಮೀ. ಬಿಡಿ, ಗಂಟೆ ಎಣಿಸಿ.

ಹಗಲು 11 ಗಂಟೆ ಎಂದುಕೊಳ್ಳಿ. ಬೆಳಿಗ್ಗೆ ಟೆಂಟ್ ಬಿಚ್ಚಿ, ಚೀಲ ಕಟ್ಟಿ, ದೋಣಿ ತುಂಬುವುದಕ್ಕೆ ಎರಡು ಗಂಟೆ. ಕತ್ತಲಾಗುವುದಕ್ಕೆ ಎರಡು ಗಂಟೆ ಮೊದಲೇ ದಡ ಹಿಡಿಯಬೇಕು. ಊಟ, ವಿಶ್ರಾಂತಿ ಒಂದು ಗಂಟೆ. ಉಳಿದದ್ದು ಆರು. ಅದರಲ್ಲಿ ಮೂರು ಗಂಟೆ ಗಾಳಕ್ಕೆ ಹೋದರೆ ಪಯಣಕ್ಕೆ ಮೂರೇ ಗಂಟೆ. ನಿಧಾನ ಹರಿವಿನಲ್ಲಿ ತುಂಬಿದ ದೋಣಿ ಗಂಟೆಗೆ 4ರಿಂದ 5 ಕಿ.ಮೀ. ಹೋಗುತ್ತದೆ. ಮೂರು ಗಂಟೆಗೆ 13 ಕಿ.ಮೀ. ಸಿಕ್ಕರೆ ಅದೃಷ್ಟ, ಇಳಿದು ನೋಡಬೇಕಾದ ತಿರುವು, ಕಲ್ಲಿಗೆ ತಾಗಿ ನಿಂತ ದೋಣಿ, ಎದುರುಗಾಳಿ ಇವೆಲ್ಲ ಅದರಲ್ಲೇ ಕಳೆಯುತ್ತವೆ.

ಮೊದಲ ದಿನ ಒಂದು ವಾಹನವನ್ನು ಕೆಳಗೆ ಬಿಟ್ಟು ಮೇಲೆ ಬರುವುದರಲ್ಲೇ ಅರ್ಧ ದಿನ ಮುಗಿಯುತ್ತದೆ: 6ರಿಂದ 8 ಕಿ.ಮೀ. ಎರಡನೇ ದಿನ 12. ಮೂರನೇ ದಿನ ಮನೆ ತಲುಪಬೇಕಾದ್ದರಿಂದ 10. ಒಟ್ಟು 30 ಕಿ.ಮೀ. ಮೀರಬೇಡಿ. 48 ಕಿ.ಮೀ. ಮಾಡಲೂಬಹುದು, ಆದರೆ ಆಗ ರಾಡುಗಳು ಕೊಳವೆಯಿಂದ ಹೊರಗೇ ಬರುವುದಿಲ್ಲ.

ನಡುನೀರು:
ಹಾಗಾದರೆ ಮೇಲಿನ 9 ಕಿ.ಮೀ. ಕೈಬಿಟ್ಟು, 360ರ ಗೆರೆ ದಾಟಿದ ಮೇಲೆ ಸಿಗುವ ಸೇತುವೆಯಲ್ಲಿ ಇಳಿದರೆ? ಅಲ್ಲಿಂದ ಮುಂದಿನ ಎರಡನೇ ಸೇತುವೆ 29 ಕಿ.ಮೀ. ನಡುವೆ 14ನೇ ಕಿ.ಮೀ.ಯಲ್ಲಿ ಇನ್ನೊಂದು ಸೇತುವೆ ಇದೆ.

ಹುಟ್ಟುಕೋಲು:
ಒಪ್ಪುವ ಮಾತು. ನಡುವಿನ ಸೇತುವೆ ನಿಮ್ಮ ತುರ್ತು ಬಾಗಿಲು. ಎರಡನೇ ದಿನ ಮಧ್ಯಾಹ್ನ ಅಲ್ಲಿಗೆ ತಲುಪಿರದಿದ್ದರೆ ಅಥವಾ ನೀರು ಏರುತ್ತಿದ್ದರೆ ಅಲ್ಲೇ ಮುಗಿಸುವುದು ಎಂದು ಈಗಲೇ ನಿರ್ಧರಿಸಿಡಿ. ನೀರಿನ ಮೇಲೆ ಕುಳಿತು ಚರ್ಚಿಸಿದರೆ ‘ಇನ್ನೊಂದು ತಿರುವು ನೋಡೋಣ’ ಎನ್ನುವವರೇ ಗೆಲ್ಲುತ್ತಾರೆ.

ಹತ್ತುವ ಜಾಗವನ್ನು ರಸ್ತೆಯಿಂದಷ್ಟೇ ನೋಡಿ ಬರಬೇಡಿ. ನೀರಿನ ಅಂಚಿಗೆ ಇಳಿದು, ಹರಿವಿನ ಎದುರಿಗೆ ಮುಖ ಮಾಡಿ ನಿಂತು, ದೋಣಿಯಿಂದ ಬರುವಾಗ ಏನು ಕಾಣಿಸುತ್ತದೆ ಎಂದು ಗುರುತು ಮಾಡಿಕೊಳ್ಳಿ. ಕೊಂಬೆಗೆ ಬಣ್ಣದ ಬಟ್ಟೆ ಕಟ್ಟಿ, ಮರಳುವಾಗ ಬಿಚ್ಚಿ. ಸೇತುವೆಗೆ 50 ಮೀಟರ್ ಮೊದಲೇ ದಡ ಸೇರುವಂತಿರಬೇಕು. ಸೇತುವೆಯ ಕಂಬಗಳಿಗೆ ಮರದ ದಿಮ್ಮಿಗಳು ಸಿಕ್ಕಿಕೊಂಡಿರುತ್ತವೆ. ಕೆಳಗೆ ನಿಲ್ಲಿಸಿದ ವಾಹನದ ಕೀಲಿ ಒಂದು ದೋಣಿಯಲ್ಲಿ, ನಕಲು ಕೀಲಿ ಇನ್ನೊಂದರಲ್ಲಿ.

ಎಳೆಹಗ್ಗ:
ನೀರಿನ ಮಟ್ಟದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಕಡಿಮೆ ನೀರಿನ ಪರೀಕ್ಷೆ ಸುಲಭ. ಇಳಿಯುವ ಜಾಗದ ಹತ್ತಿರ ಅತಿ ತೆಳುವಾಗಿ, ಕಲ್ಲಿನ ಮೇಲೆ ಹರಡಿಕೊಂಡು ಹರಿಯುವ ಕಡೆ ನಿಂತು ನೋಡಿ. ಇಬ್ಬರು ಮತ್ತು ಸಾಮಾನು ಹೊತ್ತ 16 ಅಡಿಯ ದೋಣಿ 10ರಿಂದ 13 ಸೆಂ.ಮೀ. ಮುಳುಗುತ್ತದೆ. ನೀರು ಹಿಮ್ಮಡಿಯ ಗೆಣ್ಣಿಗಷ್ಟೇ ಬಂದರೆ ದಿನವಿಡೀ ಎಳೆದಾಟ. ಮೀನಖಂಡದ ನಡುವಿಗೆ, ಅಂದರೆ 20ರಿಂದ 25 ಸೆಂ.ಮೀ. ಬಂದರೆ ಸಲೀಸು.

ಹೆಚ್ಚು ನೀರಿನ ವಿಚಾರದಲ್ಲಿ ಅಂಕಿಗಿಂತ ದಿಕ್ಕು ಮುಖ್ಯ: ಏರುತ್ತಿದೆಯೋ, ಇಳಿಯುತ್ತಿದೆಯೋ. ಅಳತೆ ಕೇಂದ್ರದ ದಾಖಲೆ ಸಿಗುವ ನದಿಯಾದರೆ ಹಿಂದಿನ ಮೂರು ದಿನದ ಗೆರೆ ನೋಡಿ. ಕೆಲವು ಕಡೆ ಕ್ಯೂಸೆಕ್ (ಸೆಕೆಂಡಿಗೆ ಘನ ಅಡಿ), ಕೆಲವು ಕಡೆ ಕ್ಯೂಮೆಕ್ (ಸೆಕೆಂಡಿಗೆ ಘನ ಮೀಟರ್) ಬರೆದಿರುತ್ತಾರೆ. ಒಂದು ಕ್ಯೂಮೆಕ್ ಅಂದರೆ 35.3 ಕ್ಯೂಸೆಕ್. ಇದನ್ನು ಅದಲುಬದಲು ಓದಿದರೆ ಹಳ್ಳ ಹೊಳೆಯಾಗುತ್ತದೆ. ಏರುವ ನದಿ ದಡದ ಕಸ, ಕೊಂಬೆ, ದಿಮ್ಮಿ ಎಲ್ಲವನ್ನೂ ಹೊತ್ತು ತರುತ್ತದೆ, ಬಣ್ಣ ಕದಡುತ್ತದೆ, ಮೀನು ಕಚ್ಚುವುದೂ ಸಾಮಾನ್ಯವಾಗಿ ನಿಲ್ಲುತ್ತದೆ. ಇಳಿಯುವ ನದಿ ತಿಳಿಯಾಗುತ್ತ ಬರುತ್ತದೆ, ನಿಮಗೆ ಬೇಕಾದದ್ದು ಅದು.

ಮೇಲ್ಭಾಗದ ನದಿಯ ಜಲಾನಯನ ಚಿಕ್ಕದು, ದಡಗಳು ಕಡಿದು. ಗುಡ್ಡದ ಮೇಲೆ ಸುರಿದ ಮಳೆ ಕೆಲವೇ ಗಂಟೆಗಳಲ್ಲಿ ನಿಮ್ಮ ಹತ್ತಿರ ಬರುತ್ತದೆ. ನಿಮ್ಮ ತಲೆಯ ಮೇಲೆ ಬಿಸಿಲಿರಬಹುದು. ಹೀಗಾಗಿ ನೋಡಬೇಕಾದ್ದು ಇಳಿಯುವ ಜಾಗದ ಹವಾಮಾನ ಮುನ್ಸೂಚನೆಯಲ್ಲ, ನದಿ ಹುಟ್ಟುವ ಗುಡ್ಡಗಳದ್ದು. ಮೇಲೆ ಅಣೆಕಟ್ಟಿದ್ದರೆ ನೀರು ಬಿಡುವ ವೇಳಾಪಟ್ಟಿಯನ್ನೂ ಕೇಳಿ ತಿಳಿದುಕೊಳ್ಳಿ.

ಬೆಳ್ಳಿಚಮಚ:
ಲಂಗರಿನ ಬಗ್ಗೆ: ಮಡುವಿನಲ್ಲಿ ಬಿಡಬಹುದು. ನಡಿಗೆಗಿಂತ ನಿಧಾನವಾಗಿ ಹರಿಯುವ ನೀರು, ತಳ ಮರಳು ಅಥವಾ ಜಲ್ಲಿ, ಒಂದೂವರೆಯಿಂದ ಎರಡು ಕಿಲೊ ತೂಕದ ಮಡಚುವ ಲಂಗರು. ಹಗ್ಗ ಆಳದ ಐದರಿಂದ ಏಳು ಪಟ್ಟು ಇರಬೇಕು, ಇಲ್ಲದಿದ್ದರೆ ಹಿಡಿತ ಸಿಗದೆ ಎಳೆದುಕೊಂಡು ಹೋಗುತ್ತದೆ. ದೋಣಿ ಒಂದೇ ಕಡೆ ನಿಂತರೆ ಮಡುವಿನ ತಲೆಯಿಂದ (ನೀರು ಒಳಬರುವ ತುದಿ) ಬಾಲದವರೆಗೆ (ಹೊರಹೋಗುವ ತುದಿ) ಕ್ರಮವಾಗಿ ಗಾಳ ಹಾಕಬಹುದು.

ಎಳೆಹಗ್ಗ:
ಹರಿಯುವ ನೀರಿನಲ್ಲಿ ಕ್ಯಾನೂಗೆ ಲಂಗರು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರಣ ಹೇಳುತ್ತೇನೆ. ನೀರಿನ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು. ಲಂಗರು ಕಲ್ಲಿನ ಸಂದಿಗೆ ಸಿಕ್ಕಿ ಬರದಾಗುತ್ತದೆ, ಹಗ್ಗ ದೋಣಿಯ ಪಕ್ಕಕ್ಕೆ ಸರಿಯುತ್ತದೆ, ದೋಣಿ ಅಡ್ಡ ತಿರುಗುತ್ತದೆ, ಹರಿವಿನ ಕಡೆಯ ಅಂಚು ಒಳಕ್ಕೆ ವಾಲುತ್ತದೆ. ಆಮೇಲೆ ನೀರು ತುಂಬುವುದಕ್ಕೆ ಎರಡು ಸೆಕೆಂಡ್ ಸಾಕು. ಮಡು ಎಂದು ನಿಂತ ಜಾಗದಲ್ಲೂ ಲಂಗರು ಎಳೆದುಕೊಂಡು ಬಾಲದ ಕಡೆ ಬಂದರೆ ಸೆಳವು ಶುರುವಾಗಿರುತ್ತದೆ.

ಬೆಳ್ಳಿಚಮಚ:
ಅಡ್ಡ ತಿರುಗುವುದು ಪಕ್ಕಕ್ಕೆ ಕಟ್ಟಿದರೆ. ಮೂತಿಗೋ ಹಿಂಬದಿಗೋ ಕಟ್ಟಿ, ಗಂಟು ಹಾಕದೆ ಎಳೆದರೆ ಬಿಚ್ಚುವ ಜಾಮ್ ಕ್ಲೀಟ್‌ನಲ್ಲಿ ಸಿಕ್ಕಿಸಿ, ಹಗ್ಗದ ತುದಿಗೆ ಒಂದು ತೇಲುವ ಬುರುಡೆ ಕಟ್ಟಿ. ಸಂಶಯ ಬಂದರೆ ಹಗ್ಗ ಬಿಟ್ಟು ಹೋಗಿ, ಬುರುಡೆಯ ಗುರುತಿನಿಂದ ಆಮೇಲೆ ತೆಗೆದುಕೊಳ್ಳಬಹುದು. ಚಾಕು ಎದೆಯ ಹತ್ತಿರವೇ ಇರಲಿ.

ಎಳೆಹಗ್ಗ:
ಇಷ್ಟೆಲ್ಲ ಏರ್ಪಾಡು ಬೇಕಾದ ಜಾಗದಲ್ಲಿ ದಡಕ್ಕೆ ಹೋಗಿ ದೋಣಿಯನ್ನು ಮೇಲೆಳೆದು, ಕಾಲ ಮೇಲೆ ನಿಂತು ಗಾಳ ಹಾಕುವುದೇ ಲೇಸು. ಮೇಲ್ಭಾಗದ ನದಿ ಅಗಲ 15ರಿಂದ 30 ಮೀಟರ್; ದಡದಿಂದ ಎಸೆದರೆ ಮುಟ್ಟದ ಜಾಗ ಯಾವುದಿದೆ?

ಕಲ್ಲುಮಡು:
ಈ ವಿಚಾರದಲ್ಲಿ ಎಳೆಹಗ್ಗ ಅವರ ಪಕ್ಷ. ಅಂಥ ನದಿಯಲ್ಲಿ ಕ್ಯಾನೂ ನಿಮ್ಮನ್ನು ಒಂದು ಮಡುವಿನಿಂದ ಇನ್ನೊಂದು ಮಡುವಿಗೆ ತಲುಪಿಸುವ ಸಾಧನ. ಚಲಿಸುತ್ತಲೇ ಗಾಳ ಹಾಕಬೇಕೆಂದರೆ ಮುಂದಿನವರು ಮಾತ್ರ ಎಸೆಯಬೇಕು, ಹಿಂದಿನವರು ಎರಡೂ ಕೈ ಹುಟ್ಟಿನ ಮೇಲಿಟ್ಟು ಹಿಮ್ಮುಖವಾಗಿ ಹುಟ್ಟು ಹಾಕುತ್ತ ದೋಣಿಯನ್ನು ನೀರಿಗಿಂತ ನಿಧಾನ ಮಾಡಬೇಕು. ಪ್ರತಿ ಮಡುವಿಗೂ ಜಾಗ ಬದಲಿಸಿ, ದಡದಲ್ಲಿ ಇಳಿದು. ಇಬ್ಬರೂ ರಾಡ್ ಹಿಡಿದ ದೋಣಿ ಹತ್ತರಲ್ಲಿ ಒಂಬತ್ತು ಸಲ ಬಿದ್ದ ಮರದ ಕಡೆಗೇ ಹೋಗುತ್ತದೆ.

ನಡುನೀರು:
ಲಂಗರು ಮನೆಯಲ್ಲೇ ಇರಲಿ ಎಂದಾಯಿತು. ರಾಡ್, ದಾರ, ಲೂರ್ (ಕೃತಕ ಎರೆ) ಏನಿರಬೇಕು? ನಮ್ಮ ಹತ್ತಿರ ಇರುವುದು 8 ಅಡಿಯ ರಾಡುಗಳು, 0.35 ಮಿ.ಮೀ. ನೈಲಾನ್.

ಬೆಳ್ಳಿಚಮಚ:
8 ಅಡಿ ದೋಣಿಯಲ್ಲಿ ತೊಡಕು. ಬಳ್ಳಿ, ಕೊಂಬೆಗಳು ಬಾಗಿರುವ ಕಿರುನದಿಗೆ 6ರಿಂದ 7 ಅಡಿ, ಎರಡು ತುಂಡಿನದು, 5ರಿಂದ 15 ಗ್ರಾಂ ಎಸೆಯುವ ಶಕ್ತಿಯದು. 2000 ಅಥವಾ 2500 ಅಳತೆಯ ಸ್ಪಿನಿಂಗ್ ರೀಲ್. 0.35 ದಪ್ಪವಾಯಿತು: ಹಗುರ ಲೂರ್ ದೂರ ಹೋಗುವುದಿಲ್ಲ, ಹರಿವು ದಾರವನ್ನೇ ಹಿಡಿದು ಎಳೆಯುತ್ತದೆ. 0.22ರಿಂದ 0.25 ಮಿ.ಮೀ. ನೈಲಾನ್ ಸಾಕು. ದೊಡ್ಡ ಮೀನಿನ ನದಿಯಾದರೆ ಒಂದು ಮಟ್ಟ ಏರಿಸಿ. ಹೆಣೆದ ದಾರ ಹಾಕುವವರು ಮುಂದೆ ಒಂದು ಮೀಟರ್ ಫ್ಲೂರೋಕಾರ್ಬನ್ ದಾರ ಸೇರಿಸಲೇಬೇಕು. ಹೆಣೆದ ದಾರ ಎಳೆತಕ್ಕೆ ಗಟ್ಟಿ, ಕಲ್ಲಿನ ಅಂಚಿಗೆ ಬಲು ಮೆದು. ಮುಂದಿನ ತುಂಡು ಹಿಂದಿನ ದಾರಕ್ಕಿಂತ ದುರ್ಬಲವಾಗಿದ್ದರೆ ಸಿಕ್ಕಿಕೊಂಡಾಗ ಅಲ್ಲೇ ಹರಿಯುತ್ತದೆ, 40 ಮೀಟರ್ ದಾರ ನದಿಯಲ್ಲಿ ಉಳಿಯುವುದಿಲ್ಲ.

ರೀಲಿನ ಡ್ರ್ಯಾಗ್ ಅನ್ನು (ಮೀನು ಎಳೆದಾಗ ದಾರ ಬಿಟ್ಟುಕೊಡುವ ಬಿಗಿತ) ದಾರದ ತಾಳಿಕೆಯ ಕಾಲು ಭಾಗಕ್ಕೆ ಇಟ್ಟುಕೊಳ್ಳಿ. 4 ಕಿಲೊ ದಾರಕ್ಕೆ ಒಂದು ಕಿಲೊ. ಸಣ್ಣ ಕೊಂಡಿ ತಕ್ಕಡಿಯಲ್ಲಿ ಎಳೆದು ನೋಡಿದರೆ ಗೊತ್ತಾಗುತ್ತದೆ.

ಲೂರ್‌ಗಳಲ್ಲಿ 1ರಿಂದ 3ನೇ ನಂಬರಿನ ಸ್ಪಿನ್ನರ್ (ಗಿರ್ರನೆ ತಿರುಗುವ ತಗಡಿನದು), 5ರಿಂದ 10 ಗ್ರಾಂನ ಚಮಚ (ಚಮಚದಾಕಾರದ ಲೋಹದ್ದು), 5 ಸೆಂ.ಮೀ.ನ ತೇಲುವ ಪ್ಲಗ್ (ಸಣ್ಣ ಮೀನಿನಾಕಾರದ್ದು). ತೇಲುವುದನ್ನು ಹೆಚ್ಚು ಒಯ್ಯಿರಿ: ಎಳೆಯುವುದು ನಿಲ್ಲಿಸಿದರೆ ಮೇಲೆ ಬರುತ್ತದೆ, ಕಲ್ಲಿಗೆ ಸಿಗುವುದು ಕಡಿಮೆ. ತಿಳಿನೀರಿಗೆ ಮಂಕು ಬೆಳ್ಳಿ, ಕಂದು. ತುಸು ಕದಡಿದ್ದರೆ ತಾಮ್ರ, ಹಳದಿ. ಮೂರು ಮುಳ್ಳಿನ ಕೊಕ್ಕೆ ತೆಗೆದು ಒಂದೇ ಮುಳ್ಳಿನದು ಹಾಕಿ, ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಮೀನು ಬಿಡಿಸುವುದೂ ಸುಲಭ, ಜೊತೆಗಾರರ ಕಿವಿ ಬಿಡಿಸುವುದೂ ಸುಲಭ.

ದೋಣಿಯಲ್ಲಿ ತಲೆಯ ಮೇಲಿಂದ ಬೀಸಿ ಎಸೆಯಬಾರದು. ಪಕ್ಕದಿಂದ, ಕೆಳಮಟ್ಟದಲ್ಲಿ, ಮುಂದಿನ ಅರ್ಧವೃತ್ತದೊಳಗೆ ಮಾತ್ರ. ಹುಟ್ಟು ಹಾಕುವಾಗ ಲೂರ್ ಬಿಚ್ಚಿ ಡಬ್ಬಿಗೆ, ರಾಡ್ ಕೊಳವೆಗೆ. ನೇತಾಡುವ ಕೊಕ್ಕೆ ಇರುವ ದೋಣಿ ಮಗುಚಿದರೆ ಈಜುವವರ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ.

ಕಲ್ಲುಮಡು:
ಎಲ್ಲಿ ಹಾಕಬೇಕು ಎಂಬುದನ್ನೂ ಸೇರಿಸುತ್ತೇನೆ. ಹರಿವಿನಲ್ಲಿ ಮೀನು ಮುಖ ಮಾಡುವುದು ಮೇಲಕ್ಕೆ. ಹೆಚ್ಚು ಶಕ್ತಿ ವ್ಯಯಿಸದೆ ನಿಲ್ಲಬೇಕು, ಆಹಾರ ತೇಲಿ ಬರುವ ಸೆಳವೂ ಕೈಗೆಟುಕಬೇಕು. ಹಾಗಾಗಿ ವೇಗದ ನೀರೂ ನಿಧಾನ ನೀರೂ ಕೂಡುವ ಗೆರೆಯಲ್ಲಿ ನಿಲ್ಲುತ್ತದೆ. ಆ ಗೆರೆಯ ಮೇಲೆ ನೊರೆ, ಎಲೆ ಸಾಲಾಗಿ ಹೋಗುವುದು ಕಾಣಿಸುತ್ತದೆ. ಬಂಡೆಯ ಹಿಂದಷ್ಟೇ ಅಲ್ಲ, ಬಂಡೆಯ ಮುಂದೆಯೂ ನೀರು ತಗ್ಗುವ ಒಂದು ಸಣ್ಣ ಮೆತ್ತೆ ಇರುತ್ತದೆ, ದೊಡ್ಡ ಮೀನಿಗೆ ಅದು ಇಷ್ಟ. ಕೊರೆದ ದಡದ ಅಡಿ, ಉಪಹಳ್ಳ ಸೇರುವ ಬಾಯಿ, ಬೆಳಗಿನ ಮಬ್ಬಿನಲ್ಲಿ ಮಡುವಿನ ಬಾಲ.

ದೋಣಿಯಿಂದ ಮಡುವನ್ನು ದಾಟಿದ ಮೇಲೆ ಗಾಳ ಹಾಕಿ ಪ್ರಯೋಜನ ಕಡಿಮೆ. 30 ಮೀಟರ್ ಮೊದಲೇ ದಡ ಹಿಡಿದು, ತಗ್ಗಿ ನಡೆದು ಹೋಗಿ, ಕೆಳಗಿನಿಂದ ಮೇಲಕ್ಕೆ ಎಸೆದು ಹರಿವಿನ ಜೊತೆ ತನ್ನಿ. ಅಲ್ಯೂಮಿನಿಯಂ ದೋಣಿಯವರು ಒಳಗೆ ರಬ್ಬರ್ ಹಾಸು ಹಾಕಿ. ಹುಟ್ಟು ಬಡಿದ ಸದ್ದು ಮಡುವಿಗೆಲ್ಲ ಕೇಳಿಸುತ್ತದೆ.

ಸುಡು ಬಿಸಿಲಿನ ಮಧ್ಯಾಹ್ನ ಬಿಟ್ಟುಬಿಡಿ. 10 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು, 25 ಡಿಗ್ರಿಯಲ್ಲಿ ಸುಮಾರು 8. ಬೆಚ್ಚಗಿನ ನೀರಿನಲ್ಲಿ ಹೆಣಗಿ ದಣಿದ ಮೀನನ್ನು ಬಿಟ್ಟರೂ ಅನೇಕ ಸಲ ಬದುಕುವುದಿಲ್ಲ. ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ, ರಬ್ಬರ್ ಬಲೆಯಲ್ಲಿ ನೀರಿನೊಳಗೇ ಕೊಕ್ಕೆ ಬಿಡಿಸಿ, ತಾನಾಗಿ ಹೋಗುವವರೆಗೆ ಮುಖವನ್ನು ಹರಿವಿನ ಎದುರಿಗೆ ಇಟ್ಟುಕೊಳ್ಳಿ.

ದಡದಾಚೆ:
ಕೊಕ್ಕೆ ಕೈಗೆ ಚುಚ್ಚಿದರೆ ಏನು ಮಾಡಬೇಕು ಎಂದು ಯಾರಾದರೂ ಹೇಳಿ.

ಎಳೆಹಗ್ಗ:
ಹಿಮ್ಮುಳ್ಳು ಒತ್ತಿದ್ದರೆ ಹೋದ ದಾರಿಯಲ್ಲೇ ಹಿಂದಕ್ಕೆ ಬರುತ್ತದೆ. ಹಿಮ್ಮುಳ್ಳಿದ್ದರೆ ದಾರದ ವಿಧಾನ: ಮೊದಲು ಲೂರ್ ಕತ್ತರಿಸಿ ಕೊಕ್ಕೆಯನ್ನು ಬೇರೆ ಮಾಡಿ. ಕೊಕ್ಕೆಯ ಬಾಗಿದ ಭಾಗಕ್ಕೆ ಗಟ್ಟಿ ದಾರದ ಕುಣಿಕೆ ಹಾಕಿ. ಕೊಕ್ಕೆಯ ಕಣ್ಣಿನ ತುದಿಯನ್ನು ಬೆರಳಿನಿಂದ ಚರ್ಮಕ್ಕೆ ಒತ್ತಿ ಹಿಡಿಯಿರಿ, ಆಗ ಹಿಮ್ಮುಳ್ಳು ಹಿಡಿತ ಬಿಡುತ್ತದೆ. ಅದೇ ಹೊತ್ತಿಗೆ ದಾರವನ್ನು ಚರ್ಮಕ್ಕೆ ಸಮಾನಾಂತರವಾಗಿ, ಚುಚ್ಚಿದ ದಿಕ್ಕಿನ ಹಿಂದಕ್ಕೆ ಒಂದೇ ಜಗ್ಗು. ಎದುರಿಗೆ ಯಾರೂ ನಿಂತಿರಬಾರದು, ಕೊಕ್ಕೆ ಹಾರಿ ಬರುತ್ತದೆ. ತೊಳೆದು ಪಟ್ಟಿ ಕಟ್ಟಿ, ಧನುರ್ವಾಯು ಚುಚ್ಚುಮದ್ದು ಹಾಕಿಸಿ ಎಷ್ಟು ವರ್ಷವಾಯಿತೆಂದು ಹೊರಡುವ ಮೊದಲೇ ನೋಡಿಕೊಳ್ಳಿ. ಕಣ್ಣಿನ ಹತ್ತಿರ, ಕೀಲಿನಲ್ಲಿ, ಕುತ್ತಿಗೆಯಲ್ಲಿ ಚುಚ್ಚಿದ್ದರೆ ಮುಟ್ಟಬಾರದು. ಅಲುಗದಂತೆ ಕಟ್ಟಿ ವೈದ್ಯರ ಬಳಿಗೆ.

ಹುಟ್ಟುಕೋಲು:
ಸಾಮಾನು ಕಟ್ಟುವ ವಿಚಾರ. ಭಾರದ ಲೆಕ್ಕ ಮೊದಲು: ಇಬ್ಬರು 150 ಕಿಲೊ, ಸಾಮಾನು 60 ಕಿಲೊ, ಒಟ್ಟು 210. 16 ಅಡಿಯ ದೋಣಿಗೆ ಇದು ಸರಿ. ತಯಾರಕರು ಬರೆದ ಗರಿಷ್ಠ ಭಾರವನ್ನು ನೋಡಿ ಹಿಗ್ಗಬೇಡಿ, ಹರಿಯುವ ನೀರಿನಲ್ಲಿ ಅದರ ಮೂರನೇ ಎರಡು ಭಾಗ ಸಾಕು. ತುಂಬಿದ ಮೇಲೆ ನೀರಿನಿಂದ ದೋಣಿಯ ಅಂಚಿನವರೆಗೆ ನಡುಭಾಗದಲ್ಲಿ ಕನಿಷ್ಠ 15 ಸೆಂ.ಮೀ. ಒಣಗಿರಬೇಕು.

ಭಾರವಾದ ಚೀಲ ತಳದಲ್ಲಿ, ನಡುವಿನಲ್ಲಿ. ಮೂತಿಯೂ ಹಿಂಬದಿಯೂ ಸಮ, ಅಥವಾ ಹಿಂಬದಿ ಒಂದೆರಡು ಸೆಂ.ಮೀ. ತಗ್ಗು. ಎದುರುಗಾಳಿ ಬೀಸಿದರೆ ಒಂದು ಚೀಲ ಮುಂದಕ್ಕೆ ಸರಿಸಿ, ಗಾಳಿಯ ಹೊಡೆತಕ್ಕೆ ಮೂತಿ ಅಡ್ಡ ತಿರುಗುವುದು ನಿಲ್ಲುತ್ತದೆ.

ಕಟ್ಟುವುದಾದರೆ ಬಿಗಿಯಾಗಿ ಕಟ್ಟಿ, ಇಲ್ಲವೇ ಕಟ್ಟಲೇಬೇಡಿ. ನೀರು ಹೋಗದ ಚೀಲದಲ್ಲಿ ಗಾಳಿ ಇರುತ್ತದೆ. ಪಟ್ಟಿಯಿಂದ ತಳಕ್ಕೆ ಬಿಗಿದರೆ ದೋಣಿ ಮಗುಚಿದಾಗ ಅಷ್ಟು ಜಾಗದಲ್ಲಿ ನೀರು ತುಂಬುವುದಿಲ್ಲ. ಪೂರ್ತಿ ತುಂಬಿದ ದೋಣಿಯಲ್ಲಿ ಅರ್ಧ ಟನ್‌ಗೂ ಹೆಚ್ಚು ನೀರಿರುತ್ತದೆ ಎಂಬುದು ನೆನಪಿದ್ದರೆ ಇದರ ಬೆಲೆ ತಿಳಿಯುತ್ತದೆ. ಉದ್ದ ಹಗ್ಗದಲ್ಲಿ ಸಡಿಲವಾಗಿ ಕಟ್ಟುವುದೇ ಅಪಾಯ: ಚೀಲ ಹೊರಗೆ ತೇಲಿ ಬಂಡೆಗೆ ಸುತ್ತುತ್ತದೆ, ಹಗ್ಗದ ಕುಣಿಕೆ ಕಾಲಿಗೆ ಸಿಗುತ್ತದೆ.

ದಡದಾಚೆ:
ಕಟ್ಟದೆ ಬಿಟ್ಟರೆ ಚೀಲಗಳು ತೇಲಿಹೋಗಿ, ಖಾಲಿ ದೋಣಿ ಎತ್ತುವುದು ಸುಲಭವಾಗುತ್ತದೆ ಎನ್ನುವವರೂ ಇದ್ದಾರಲ್ಲ?

ಹುಟ್ಟುಕೋಲು:
ಸರೋವರದಲ್ಲಿ ಆ ವಾದ ಸರಿ. ನದಿಯಲ್ಲಿ ತೇಲಿಹೋದ ಚೀಲದಲ್ಲಿ ನಿಮ್ಮ ಒಣಬಟ್ಟೆ ಇರುತ್ತದೆ.

ಎಳೆಹಗ್ಗ:
ಸಲಕರಣೆಗಳಲ್ಲಿ ಬಿಡಬಾರದ್ದು ಹೇಳುತ್ತೇನೆ. ಲೈಫ್ ಜಾಕೆಟ್ ತೊಟ್ಟಿರಬೇಕು, ಸೀಟಿನ ಮೇಲೆ ಹಾಸಿಕೊಂಡಿರಬಾರದು; ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದಾಗ ಗದ್ದಕ್ಕೆ ತಾಗಬಾರದು. ಅದಕ್ಕೆ ಸೀಟಿ. ಪ್ರತಿ ದೋಣಿಗೂ ಒಂದು ಹೆಚ್ಚುವರಿ ಹುಟ್ಟು, ಚೀಲಗಳ ಮೇಲೆ, ಒಂದೇ ಎಳೆತಕ್ಕೆ ಬರುವಂತೆ. ಮೂತಿಗೂ ಹಿಂಬದಿಗೂ 5ರಿಂದ 6 ಮೀಟರ್ ತೇಲುವ ಹಗ್ಗ, 8ರಿಂದ 10 ಮಿ.ಮೀ. ದಪ್ಪ, ತುದಿಯಲ್ಲಿ ಗಂಟು ಇರಬಾರದು. ಪ್ರತಿ ದೋಣಿಗೂ 15ರಿಂದ 20 ಮೀಟರಿನ ಎಸೆಹಗ್ಗದ ಚೀಲ, ನೀರಿಗೆ ಬಿದ್ದವರತ್ತ ಎಸೆಯಲು. ನೀರು ಮೊಗೆಯಲು ಕತ್ತರಿಸಿದ ಪ್ಲಾಸ್ಟಿಕ್ ಕ್ಯಾನ್.

ಕಾಲಿಗೆ ಲೇಸ್ ಬಿಗಿಯುವ ಮುಚ್ಚಿದ ಶೂ. ಎದೆಮಟ್ಟದ ವೇಡರ್ (ನೀರಿನಲ್ಲಿ ನಿಂತು ಗಾಳ ಹಾಕುವವರ ಜಲನಿರೋಧಕ ಉಡುಪು) ಹಾಕಿಕೊಂಡು ದೋಣಿಯಲ್ಲಿ ಕೂರಬೇಡಿ. ಅದರಲ್ಲಿ ನೀರು ತುಂಬಿದರೆ ಮುಳುಗಿಸುತ್ತದೆ ಎಂಬ ಮಾತು ಸರಿಯಲ್ಲ, ನೀರಿನೊಳಗೆ ನೀರಿಗೆ ಭಾರವಿಲ್ಲ. ಆದರೆ ಈಜುವುದಕ್ಕೂ ದಡ ಹತ್ತುವುದಕ್ಕೂ ಬಿಡುವುದಿಲ್ಲ. ನೀರು 15 ಡಿಗ್ರಿಗಿಂತ ತಣ್ಣಗಿದ್ದರೆ ವೆಟ್‌ಸೂಟ್ (ಒದ್ದೆಯಾದರೂ ಮೈ ಬೆಚ್ಚಗಿಡುವ ಬಿಗಿ ಉಡುಪು) ಬೇಕು. ತಣ್ಣೀರಿಗೆ ಬಿದ್ದ ಮೊದಲ ನಿಮಿಷ ಉಸಿರು ಹತೋಟಿ ತಪ್ಪುತ್ತದೆ, ಮುಂದಿನ ಹತ್ತು ನಿಮಿಷದಲ್ಲಿ ಕೈಬೆರಳು ಕೆಲಸ ಬಿಡುತ್ತವೆ. ದೇಹದ ಉಷ್ಣ ಇಳಿದು ಪ್ರಜ್ಞೆ ತಪ್ಪುವುದು ಆಮೇಲಿನ ಮಾತು. ಹೆಚ್ಚಿನವರು ಅಷ್ಟು ಹೊತ್ತು ಬದುಕಿರುವುದೇ ಜಾಕೆಟ್ ಇದ್ದರೆ.

ನಡುನೀರು:
ಮಗುಚಿದರೆ?

ಎಳೆಹಗ್ಗ:
ದೋಣಿಯ ಮೇಲ್ಗಡೆ, ಅಂದರೆ ಹರಿವು ಬರುವ ಕಡೆಗೆ ಸರಿಯಿರಿ. ಕೆಳಗಡೆ ಇದ್ದರೆ ದೋಣಿಗೂ ಬಂಡೆಗೂ ನಡುವೆ ನೀವು. ಬೆನ್ನ ಮೇಲೆ ಮಲಗಿ, ಪಾದ ಕೆಳಹರಿವಿಗೆ, ಬೆರಳು ನೀರಿನ ಮೇಲೆ ಕಾಣುವಂತೆ. ಮೊಣಕಾಲಿಗಿಂತ ಆಳದ ರಭಸದ ನೀರಿನಲ್ಲಿ ಎದ್ದು ನಿಲ್ಲಲೇಬಾರದು: ಪಾದ ಕಲ್ಲಿನ ಸಂದಿಗೆ ಸಿಕ್ಕರೆ ನೀರು ದೇಹವನ್ನು ಮುಂದಕ್ಕೆ ಮಡಚುತ್ತದೆ. ಕುಳಿತರೆ ತಳ ತಾಗುವಷ್ಟು ತೆಳುನೀರು ಬಂದ ಮೇಲೆಯೇ ಏಳುವುದು.

ಬಿದ್ದ ಮರ ಎದುರಾಗಿ, ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲದಿದ್ದರೆ ಮಾತ್ರ ಈ ನಿಯಮ ತಿರುವುಮುರುವು. ಹೊಟ್ಟೆಯ ಮೇಲೆ ಹೊರಳಿ, ತಲೆ ಮುಂದಾಗಿ ಜೋರಾಗಿ ಈಜಿ, ಕಾಂಡದ ಮೇಲೆ ಹತ್ತಿಕೊಳ್ಳಬೇಕು. ಕಾಲು ಮುಂದಿಟ್ಟು ಹೋದರೆ ಕೊಂಬೆಗಳ ಅಡಿಗೆ ಎಳೆಯುತ್ತದೆ.

ದೋಣಿ ಬಂಡೆಗೆ ಅಡ್ಡಲಾಗಿ ಒರಗಿದರೆ ಇಬ್ಬರೂ ಬಂಡೆಯ ಕಡೆಗೇ ವಾಲಿ. ದೇಹ ಸಹಜವಾಗಿ ಬಂಡೆಯಿಂದ ದೂರ ಸರಿಯಲು ನೋಡುತ್ತದೆ, ಆಗಲೇ ಮೇಲ್ಗಡೆಯ ಅಂಚು ಮುಳುಗುವುದು.

ಕಲ್ಲುಮಡು:
ನೀರು ಓದುವುದಕ್ಕೆ ಎರಡು ಗುರುತು ಸಾಕು. ಕೆಳಕ್ಕೆ ಚೂಪಾದ ನಯವಾದ ನಾಲಿಗೆ ಕಂಡರೆ ದಾರಿ. ಮೇಲಕ್ಕೆ ಚೂಪಾಗಿ ಸೀಳಿದ್ದರೆ ಅದರ ತುದಿಯಲ್ಲಿ ಕಲ್ಲು. ನದಿಯ ಅಡ್ಡಕ್ಕೂ ಗೆರೆ ಎಳೆದಂತೆ ನೀರು ಕೊನೆಗೊಂಡು, ಮುಂದಿನ ಮರಗಳ ತುದಿಯಷ್ಟೇ ಕಂಡರೆ ತಕ್ಷಣ ದಡಕ್ಕೆ.

ಆ ಗೆರೆ ಗಿಡ್ಡ ಒಡ್ಡಿನದೂ ಇರಬಹುದು. ಒಂದು ಮೀಟರ್ ಎತ್ತರದ ಒಡ್ಡು ಮೇಲಿನಿಂದ ಆಟಿಕೆಯಂತೆ ಕಾಣುತ್ತದೆ. ಕೆಳಗೆ ಬಿದ್ದ ನೀರು ತಿರುಗಿ ಒಡ್ಡಿನ ಕಡೆಗೇ ಬರುವುದರಿಂದ ಬಿದ್ದದ್ದು ಅಲ್ಲೇ ಉರುಳುತ್ತಿರುತ್ತದೆ. ದಡದಿಂದ ದಡಕ್ಕೆ ಸಮನಾಗಿರುವುದರಿಂದ ಪಕ್ಕಕ್ಕೆ ತಪ್ಪಿಸಿಕೊಳ್ಳುವ ಸಂದಿಯೂ ಇಲ್ಲ. ಎಷ್ಟೇ ಚಿಕ್ಕದಿರಲಿ, ದೋಣಿ ಹೊತ್ತು ದಾಟಿ. ನಿಮ್ಮ 29 ಕಿ.ಮೀ.ಯಲ್ಲಿ ಎಷ್ಟು ಒಡ್ಡುಗಳಿವೆ ಎಂದು ಭೂಪಟದಲ್ಲಿ ಎಣಿಸಿ, ದಡದ ಜನರನ್ನೂ ಕೇಳಿ. ಹೊಸ ಒಡ್ಡು ಹಳೆಯ ಭೂಪಟದಲ್ಲಿ ಇರುವುದಿಲ್ಲ.

ದಡದಾಚೆ:
ಬಿಡಾರದ ವಿಚಾರ ನನ್ನ ಪಾಲಿಗಿರಲಿ. ಜಲ್ಲಿ ದಿಬ್ಬ ಸೊಗಸಾಗಿ ಕಾಣುತ್ತದೆ, ಮಲಗಲು ಬೇಡ. ಮರದ ಕಾಂಡಗಳಲ್ಲಿ ಸಿಕ್ಕಿಕೊಂಡ ಒಣಹುಲ್ಲು, ಕಡ್ಡಿ ಯಾವ ಎತ್ತರದಲ್ಲಿವೆ ನೋಡಿ, ಪ್ರವಾಹ ಅಲ್ಲಿಯವರೆಗೆ ಬಂದಿತ್ತು ಎಂದರ್ಥ. ಅದಕ್ಕಿಂತ ಮೇಲೆ ಟೆಂಟ್, ಮತ್ತು ಕತ್ತಲಲ್ಲಿ ಇನ್ನೂ ಮೇಲೆ ಹತ್ತಲು ಒಂದು ದಾರಿ. ನೀರಿನಂಚಿಗೆ ಒಂದು ಕಡ್ಡಿ ನೆಟ್ಟು, ಮಲಗುವ ಮೊದಲೂ ರಾತ್ರಿ ಎಚ್ಚರವಾದಾಗಲೂ ನೋಡಿ. ದೋಣಿಗಳನ್ನು ಮೇಲಕ್ಕೆ ಹೊತ್ತು, ಮಗುಚಿ, ಎರಡು ಕಡೆ ಮರಕ್ಕೆ ಕಟ್ಟಿ. ಹುಟ್ಟು, ಜಾಕೆಟ್ ಅದರ ಕೆಳಗೆ.

ಕುಡಿಯುವ ನೀರನ್ನು ಒಂದು ನಿಮಿಷ ಚೆನ್ನಾಗಿ ಕುದಿಸಿ. 2000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ. 0.1 ಅಥವಾ 0.2 ಮೈಕ್ರಾನ್ ಫಿಲ್ಟರ್ ಬ್ಯಾಕ್ಟೀರಿಯಾ ತಡೆಯುತ್ತದೆ, ವೈರಸ್ ತಡೆಯುವುದಿಲ್ಲ. ಶೌಚಕ್ಕೆ ನೀರಿನಿಂದ 60 ಮೀಟರ್ ದೂರ, 15ರಿಂದ 20 ಸೆಂ.ಮೀ. ಆಳದ ಗುಂಡಿ.

ಗಾಳದ ಪರವಾನಗಿ, ಮೀನು ಮೊಟ್ಟೆಯಿಡುವ ಕಾಲದ ನಿಷೇಧ, ಹಿಡಿಯಬಾರದ ಜಾತಿಗಳು, ದಡ ಅರಣ್ಯದ್ದೋ ಖಾಸಗಿಯೋ ಎಂಬುದು, ಇವೆಲ್ಲ ನದಿಯ ಒಂದೊಂದು ತುಂಡಿಗೂ ಬೇರೆ ಇರಬಹುದು. ಮೇಲಿನ ಸೇತುವೆಯಲ್ಲಿ ಸಿಂಧುವಾದ ಚೀಟಿ ಕೆಳಗಿನದಕ್ಕೆ ಆಗದಿರಬಹುದು. ಬರಹದಲ್ಲಿ ಪಡೆದು, ಪ್ರತಿಯನ್ನು ಒಣಚೀಲದಲ್ಲಿ ಇಡಿ.

ನಡುನೀರು:
ತಿದ್ದಿದ ಯೋಜನೆ: 29 ಕಿ.ಮೀ., 7, 12, 10 ಎಂದು ಹಂಚಿದ್ದೇವೆ. ಮೊದಲ ರಾತ್ರಿ 7ನೇ ಕಿ.ಮೀ. ಎಡದಂಡೆ, ಎರಡನೆಯದು 19ನೇ ಕಿ.ಮೀ. 14ನೇ ಕಿ.ಮೀ. ಸೇತುವೆಯಲ್ಲಿ ನಿರ್ಧಾರ, ಎರಡನೇ ದಿನ ಮಧ್ಯಾಹ್ನ 1 ಗಂಟೆ ಗಡುವು. ಲಂಗರು ಇಲ್ಲ. ಭೂಪಟದಲ್ಲಿ ಎರಡು ಒಡ್ಡು ಸಿಕ್ಕವು, 11 ಮತ್ತು 23ನೇ ಕಿ.ಮೀ.; ಎರಡೂ ಕಡೆ ಹೊತ್ತು ದಾಟುತ್ತೇವೆ. ಮನೆಯಲ್ಲಿ ಒಬ್ಬರ ಬಳಿ ಭೂಪಟದ ಪ್ರತಿ ಇರುತ್ತದೆ. ಮೂರನೇ ದಿನ ರಾತ್ರಿ 9ರೊಳಗೆ ಫೋನ್ ಬರದಿದ್ದರೆ ಯಾರಿಗೆ ತಿಳಿಸಬೇಕೆಂದೂ ಬರೆದಿಟ್ಟಿದ್ದೇವೆ. ಉಳಿದದ್ದು ಒಂದೇ: ದೋಣಿ ಬಿರುಕು ಬಿಟ್ಟರೆ?

ಹುಟ್ಟುಕೋಲು:
ಹೊತ್ತು ದಾಟುವುದಕ್ಕೆ ಪ್ರತಿ ಒಡ್ಡಿಗೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಹೀಗಾಗಿ ಎರಡನೇ ದಿನ ಸೇತುವೆಯ ಮೊದಲೇ ಒಂದು ಒಡ್ಡು ಬರುತ್ತದೆ. 1 ಗಂಟೆಯ ಗಡುವು ಉಳಿಸಿಕೊಳ್ಳಬೇಕಾದರೆ ಆ ದಿನದ ಬೆಳಗಿನ ಗಾಳ ಒಂದು ಗಂಟೆಗೆ ಮುಗಿಯಬೇಕು.

ಪಾಲಿಥೀನ್‌ಗೆ ಸಾಮಾನ್ಯ ಅಂಟು, ಎಪಾಕ್ಸಿ ಹಿಡಿಯುವುದಿಲ್ಲ. ತಗ್ಗು ಬಿದ್ದಿದ್ದರೆ ಬಿಸಿಲಿಗಿಟ್ಟು ಒಳಗಿನಿಂದ ಒತ್ತಿ, ಬಹುತೇಕ ಹಿಂದಕ್ಕೆ ಬರುತ್ತದೆ. ಬಿರುಕಾದರೆ ಅದರ ಎರಡೂ ತುದಿಗೆ 3 ಮಿ.ಮೀ. ತೂತು ಕೊರೆಯಿರಿ, ಮುಂದಕ್ಕೆ ಹರಿಯುವುದು ನಿಲ್ಲುತ್ತದೆ. ಚಾಕುವಿನ ಮೊನೆ ತಿರುಗಿಸಿಯೂ ಕೊರೆಯಬಹುದು. ಪೂರ್ತಿ ಒಣಗಿಸಿ, ಸ್ಪಿರಿಟ್‌ನಲ್ಲಿ ಒರೆಸಿ, ಚಾವಣಿ ಸೋರಿಕೆಗೆ ಬಳಸುವ ಬ್ಯೂಟೈಲ್ ಟೇಪ್ ಅನ್ನು ಒಳಗೂ ಹೊರಗೂ ಅಂಟಿಸಿ, ಮೂಲೆಗಳನ್ನು ದುಂಡಗೆ ಕತ್ತರಿಸಿ. ಚೌಕ ಮೂಲೆ ಮೊದಲ ಕಲ್ಲಿಗೇ ಏಳುತ್ತದೆ. 10 ಸೆಂ.ಮೀ. ಅಗಲದ ಟೇಪ್ ಎರಡು ಮೀಟರ್ ಒಯ್ಯಿರಿ. ಜೊತೆಗೆ ಸೀಟಿನ ಬೋಲ್ಟ್, ನಟ್ ಎರಡು ಜೊತೆ, ಒಂದು ಸ್ಪ್ಯಾನರ್. ಟೇಪಿಗಿಂತ ಮೊದಲು ಕೈಕೊಡುವುದು ಸಾಮಾನ್ಯವಾಗಿ ಆ ಬೋಲ್ಟುಗಳೇ, ಹೊರಡುವ ಹಿಂದಿನ ದಿನ ಎಲ್ಲವನ್ನೂ ಬಿಗಿದು ನೋಡಿ.